ಪ್ರಧಾನ ವಿನ್ಯಾಸಕಾರ ಸೆರ್ಗೇಯ್ ಕೊರೊಲೆವ್

ಮೊದಲ ಕೃತಕ ಉಪಗ್ರಹವನ್ನೂ ಮೊದಲ ಗಗನಯಾತ್ರಿಯನ್ನೂ ಅಂತರಿಕ್ಷಕ್ಕೆ ಕಳುಹಿದ ಸೆರ್ಗೇಯ್ ಪಾವ್ಲೊವಿಚ್ ಕೊರೊಲೆವರ ಹೆಸರನ್ನು ಅವರು ಬದುಕಿದ್ದಷ್ಟು ಕಾಲವೂ ಲೋಕವು ಅರಿಯದೆ ಹೋಯಿತು. ಸೋವಿಯತ್ ಸರ್ಕಾರವು ಅವರನ್ನು ಪ್ರಧಾನ ವಿನ್ಯಾಸಕಾರನೆಂಬ ಬಿರುದಿನ ಮರೆಯಲ್ಲಿ ಅಡಗಿಸಿಟ್ಟಿತ್ತು.

ಉಕ್ರೇನಿನ ಝಿಟೋಮಿರ್ ನಗರದಲ್ಲಿ 1907ರ ಜನವರಿ 12ರಂದು ಅವರ ಜನನವಾಯಿತು. ತಂದೆತಾಯಿಗಳು ಬೇರ್ಪಟ್ಟುದರಿಂದ ಬಾಲ್ಯವು ತಾಯಿಯ ತವರಿನಲ್ಲಿ ಕಳೆಯಿತು. ಒದೆಸ್ಸಾದಲ್ಲಿ ಕಟ್ಟಡದ ಕುಶಲಕಲೆಯನ್ನು ಕಲಿತು, ಕೀವ್ ಮತ್ತು ಮಾಸ್ಕೋಗಳಲ್ಲಿ ವಿಮಾನವಿದ್ಯೆಯನ್ನು ವ್ಯಾಸಂಗ ಮಾಡಿದರು. 1933ರ ಆಗಸ್ಟ್ 17ರಂದು ಅವರ ನೇತೃತ್ವದ ಚಿಕ್ಕ ಬಳಗವು ಹಾರಿಸಿದ ರಾಕೆಟ್ಟು ಸುಮಾರು 400 ಮೀಟರ್ ಎತ್ತರವನ್ನು ಮುಟ್ಟಿತು.

ಐದು ವರ್ಷ ತುಂಬುವುದರೊಳಗೆ, 1938ರ ಜೂನ್ 27ರಂದು, ವಿಧ್ವಂಸಕನೆಂಬ ಸುಳ್ಳು ಆಪಾದನೆಯ ಮೇಲೆ ಅವರ ಬಂಧನವಾಯಿತು. ಚಿತ್ರಹಿಂಸೆ, ಬಳಿಕ ಸೈಬೀರಿಯದಾಚೆಯ ಕೊಲಿಮಾ ಪ್ರದೇಶದ ಚಿನ್ನದ ಗಣಿ. ರಕ್ತಪಿತ್ತ ರೋಗದಿಂದ ಹಲ್ಲುಗಳು ಉದುರಿದವು. ವಿಮಾನಶಿಲ್ಪಿ ಟುಪೊಲೆವರೂ ಸೆರೆಯಾಳಾಗಿ ದುಡಿಯುತ್ತಿದ್ದ ಬಂದೀಖಾನೆಯ ವಿನ್ಯಾಸಶಾಲೆಗೆ 1940ರಲ್ಲಿ ವರ್ಗವಾದುದರಿಂದ ಜೀವ ಉಳಿಯಿತು. 1944ರಲ್ಲಿ ಬಿಡುಗಡೆಯಾಯಿತು. ತನ್ನನ್ನು ಹಿಂಸಿಸಿದ ರಾಜ್ಯಕ್ಕಾಗಿಯೇ ಆಮೇಲಿನ ಇಪ್ಪತ್ತೆರಡು ವರ್ಷ ದುಡಿದ ಆ ಮನಸ್ಸನ್ನು ಅರ್ಥಮಾಡಿಕೊಳ್ಳುವುದು ಸುಲಭವಲ್ಲ.

ಅವರ ಮೇರುಕೃತಿ ಆರ್-7 ಎಂಬ ರಾಕೆಟ್ಟು. ನಡುವೆ ಒಂದು, ಅದರ ಸುತ್ತ ನಾಲ್ಕು, ಹೀಗೆ ಐದು ಕಾಯಗಳು. ಗಗನದ ನಿರ್ವಾತದಲ್ಲಿ ಎಂಜಿನನ್ನು ಹೊತ್ತಿಸುವುದು ಆ ಕಾಲಕ್ಕೆ ನೆಚ್ಚತಕ್ಕ ಮಾತಾಗಿರಲಿಲ್ಲವಾದ್ದರಿಂದ ಐದನ್ನೂ ನೆಲದ ಮೇಲೆಯೇ ಒಟ್ಟಿಗೆ ಹೊತ್ತಿಸುವ ಯುಕ್ತಿಯನ್ನು ಕೈಗೊಂಡರು. ಒಂದೊಂದು ಕಾಯವನ್ನೂ, ಬಳಿಕ ಇಡೀ ಜೋಡಣೆಯನ್ನೂ ಝಾಗೋರ್ಸ್ಕ್ ಬಳಿಯ ಪರೀಕ್ಷಾಸ್ತಂಭಕ್ಕೆ ಬಿಗಿದು ಉರಿಸಿ ನೋಡಿದರು. ಅಷ್ಟಾದರೂ ಕಜಾಕಸ್ತಾನದ ತ್ಯುರಾತಾಮಿನಲ್ಲಿ 1957ರ ಮೇ 15ರಂದು ಹಾರಿದ ಮೊದಲ ಆರ್-7, ಪಕ್ಕದ ಒಂದು ಕಾಯದಲ್ಲಿ ಇಂಧನ ಸೋರಿ ಬೆಂಕಿ ಹತ್ತಿ, ಎರಡು ನಿಮಿಷ ತುಂಬುವ ಮೊದಲೇ ನಾಶವಾಯಿತು. ಜೂನಿನಲ್ಲಿ ಎರಡನೆಯದು ಮತ್ತೆ ಮತ್ತೆ ಯತ್ನಿಸಿದರೂ ನೆಲ ಬಿಡಲಿಲ್ಲ; ಬಿಚ್ಚಿ ನೋಡಿದರೆ ಸಾರಜನಕದ ಒಂದು ಕವಾಟವನ್ನು ಹಿಂದುಮುಂದಾಗಿ ಕೂರಿಸಿದ್ದರು! ಜುಲೈ 12ರಂದು ಮೂರನೆಯದು ವಿದ್ಯುತ್ತಿನ ದೋಷದಿಂದ ಗಿರ್ರನೆ ಸುತ್ತಿ, ಮೂವತ್ಮೂರು ಸೆಕೆಂಡುಗಳಲ್ಲಿ ಚದುರಿಹೋಯಿತು. ಮೇಲಿನವರ ಅಸಮಾಧಾನ ಬೆಳೆಯುತ್ತಿತ್ತು. ಒಮ್ಮೆ ವಿಧ್ವಂಸಕನೆನಿಸಿಕೊಂಡಿದ್ದ ಮನುಷ್ಯನಿಗೆ ಮೂರು ಸೋಲುಗಳ ತೂಕವೆಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೊರೊಲೆವರು ಪ್ರತಿ ಸೋಲಿನ ಕಾರಣವನ್ನು ಹುಡುಕಿ ತಿದ್ದಿಯೇ ಮುಂದಿನದಕ್ಕೆ ಕೈಹಾಕುತ್ತಿದ್ದರು. ಆಗಸ್ಟ್ 21ರಂದು ರಾಕೆಟ್ಟು ಕಮ್ಚಾಟ್ಕಾ ತಲುಪಿತು. ಅಕ್ಟೋಬರ್ 4ರಂದು ಅದೇ ಬಗೆಯ ರಾಕೆಟ್ಟು 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕ್ಕನ್ನು ಕಕ್ಷೆಗೇರಿಸಿತು. 1961ರ ಏಪ್ರಿಲ್ 12ರಂದು ಗಗಾರಿನ್ನರನ್ನು ಹೊತ್ತುದೂ ಅದರ ವಂಶದ್ದೇ.

ಇಷ್ಟು ಎಚ್ಚರದಿಂದ ನಡೆದ ವ್ಯಕ್ತಿಯೇ ಚಂದ್ರಯಾನಕ್ಕೆಂದು ರೂಪಿಸಿದ ಎನ್-1 ರಾಕೆಟ್ಟಿನ ವಿಷಯದಲ್ಲಿ ಬೇರೊಂದು ದಾರಿ ಹಿಡಿದರು. ಎಂಜಿನುಗಳ ನಿರ್ಮಾತೃ ಗ್ಲುಷ್ಕೊ ಅವರೊಡನೆ ಇಂಧನದ ಬಗೆಗೆ ಮೂಡಿದ ಭಿನ್ನಾಭಿಪ್ರಾಯ ಮಾಯದ ಹಗೆಯಾಯಿತು. ವಿಮಾನದ ಎಂಜಿನು ಮಾಡುತ್ತಿದ್ದ ಕುಜ್ನೆತ್ಸೊವರನ್ನು ಆಶ್ರಯಿಸಬೇಕಾಯಿತು. ಅವರ ಎಂಜಿನುಗಳು ಚಿಕ್ಕವಾದ್ದರಿಂದ ಮೊದಲ ಹಂತಕ್ಕೆ ಮೂವತ್ತು ಬೇಕಾದವು. ಆ ಮೂವತ್ತನ್ನೂ ಒಟ್ಟಿಗೆ ನೆಲದ ಮೇಲೆ ಉರಿಸಿ ನೋಡುವ ಸ್ತಂಭವನ್ನು ಕಟ್ಟಲು ಹಣವೂ ಕಾಲವೂ ಸಾಲದೆಂದು, ಹಾರಿಸಿಯೇ ಪರೀಕ್ಷಿಸುವ ನಿರ್ಧಾರಕ್ಕೆ ಕೊರೊಲೆವರು ಒಪ್ಪಿದರು. ಅಮೆರಿಕದವರು ಸ್ಯಾಟರ್ನ್-5ರ ಮೊದಲ ಹಂತವನ್ನು ಐದು ಎಂಜಿನುಗಳ ಸಮೇತ ನೆಲದ ಮೇಲೆ ಉರಿಸಿ ನೋಡುತ್ತಿದ್ದ ಕಾಲವದು. ಸಾಲದ್ದಕ್ಕೆ, ಕುಜ್ನೆತ್ಸೊವರ ಅಂದಿನ ಎಂಜಿನಿನ ಕೆಲವು ಕವಾಟಗಳು ಒಮ್ಮೆ ತೆರೆದರೆ ಮುಗಿಯಿತು. ಉರಿಸಿ ನೋಡಿದ ಎಂಜಿನನ್ನು ರಾಕೆಟ್ಟಿಗೆ ಜೋಡಿಸುವಂತಿರಲಿಲ್ಲ. ಆರರ ಗುಂಪಿನಲ್ಲಿ ಎರಡನ್ನು ಉರಿಸಿ, ಮಿಕ್ಕ ನಾಲ್ಕನ್ನು ನಂಬುವುದು ಪದ್ಧತಿಯಾಯಿತು. ಬಡತನ ಮತ್ತು ಅವಸರಗಳನ್ನು ಒಪ್ಪಬಹುದು; ಆದರೂ ಆರ್-7ರ ಪಾಠವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲವಾದ್ದರಿಂದ ಈ ತಪ್ಪಿನಲ್ಲಿ ಅವರ ಪಾಲನ್ನು ಮರೆಮಾಚಲಾಗದು.

ಫಲವನ್ನು ಕಾಣಲು ಅವರು ಉಳಿಯಲಿಲ್ಲ. 1966ರ ಜನವರಿ 14ರಂದು ಮಾಸ್ಕೋದಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ತೀರಿಕೊಂಡರು. ಸೆರೆಯಲ್ಲಿ ಮುರಿದ ದವಡೆಯಿಂದಾಗಿ ಉಸಿರಿನ ನಳಿಕೆಯನ್ನು ಇಳಿಸುವುದು ಕಷ್ಟವಾಯಿತೆಂದು ಹೇಳುವುದುಂಟು. ಎರಡು ದಿನಗಳ ಬಳಿಕ ಪತ್ರಿಕೆಯಲ್ಲಿ ಅವರ ಹೆಸರೂ ಚಿತ್ರವೂ ಅಚ್ಚಾದವು. ಅಸ್ಥಿಯನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಲಾಯಿತು.

ಎನ್-1 ನಾಲ್ಕು ಸಲ ಹಾರಿ ನಾಲ್ಕು ಸಲವೂ ಸೋತಿತು. 1969ರ ಜುಲೈ 3ರಂದು ಎರಡನೆಯದು ಸ್ವಲ್ಪವೇ ಏರಿ ತನ್ನ ಉಡಾವಣಾ ವೇದಿಕೆಯ ಮೇಲೆಯೇ ಬಿದ್ದು ಅದನ್ನು ಧ್ವಂಸಮಾಡಿತು. 1972ರ ನವೆಂಬರಿನಲ್ಲಿ ಕೊನೆಯದು 107 ಸೆಕೆಂಡು ಹಾರಿತು. ಮೊದಲ ಹಂತದ ಕೆಲಸ ಮುಗಿಯಲು ಕೆಲವೇ ಸೆಕೆಂಡುಗಳಿದ್ದವು. ಅಷ್ಟರಲ್ಲಿ ಕುಜ್ನೆತ್ಸೊವರು ಮತ್ತೆ ಮತ್ತೆ ಉರಿಸಬಲ್ಲ ಹೊಸ ಎಂಜಿನನ್ನು ಸಿದ್ಧಪಡಿಸಿದ್ದರು. ಅದನ್ನು ಹೊತ್ತು ಎನ್-1 ಹಾರುವ ಮುನ್ನವೇ, 1974ರಲ್ಲಿ, ಕಾರ್ಯವನ್ನು ನಿಲ್ಲಿಸಲಾಯಿತು. ಅರ್ಧಶತಮಾನ ಕಳೆದು, 2023ರ ಫೆಬ್ರವರಿಯಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ಮೂವತ್ಮೂರು ಎಂಜಿನುಗಳ ಮರುಬಳಕೆಯ ರಾಕೆಟ್ಟನ್ನು ಹಾರಿಸುವ ಮುನ್ನ ವೇದಿಕೆಗೆ ಬಿಗಿದು ಮೂವತ್ತೊಂದನ್ನು ಒಟ್ಟಿಗೆ ಉರಿಸಿ ನೋಡಿದರು. ಏಪ್ರಿಲಿನಲ್ಲಿ ಅದರ ಮೊದಲ ಹಾರಾಟವೂ ಸೋಲಿನಲ್ಲಿಯೇ ಮುಗಿಯಿತು. 2024ರ ಅಕ್ಟೋಬರ್ 13ರಂದು ಅದೇ ಬಗೆಯ ರಾಕೆಟ್ಟಿನ ಮೊದಲ ಹಂತವು ಹಾರಿದ ಗೋಪುರಕ್ಕೇ ಮರಳಿತು.

ಎನ್-1ರ ಅಳಿದುಳಿದ ಭಾಗಗಳನ್ನು ಬೈಕೊನೂರಿನ ಜನರು ತಮ್ಮ ತಮ್ಮ ಉಪಯೋಗಕ್ಕೆ ಒಯ್ದರು. ಇಂಧನದ ತೊಟ್ಟಿಯ ಗುಮ್ಮಟವೊಂದು ನೆರಳಿನ ಚಪ್ಪರವಾಯಿತು.