ಶ್ರೀರಂಗಪಟ್ಟಣದಿಂದ ಭೂಮಿಯನ್ನಳೆಯಲು ಹೊರಟವನು

ಶ್ರೀರಂಗಪಟ್ಟಣದ ಕದನದಲ್ಲಿ ಗೆದ್ದವರ, ಸೋತವರ, ದ್ರೋಹ ಬಗೆದವರ ಹೆಸರುಗಳು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಅದೇ ಕದನದಲ್ಲಿ ಪಾಲ್ಗೊಂಡು, ಮರುವರ್ಷವೇ ಕತ್ತಿ ಬದಿಗಿಟ್ಟು ಅಳತೆಯ ಸರಪಳಿ ಹಿಡಿದ ವಿಲಿಯಂ ಲ್ಯಾಂಬ್ಟನ್‌ನ ಹೆಸರು ಮಾತ್ರ ಪಠ್ಯಪುಸ್ತಕಗಳ ಅಂಚಿಗೂ ಬರಲಿಲ್ಲ. ಈ ನಾಡಿನ ಒಂದು ಊರು ಭೂಮಿಯ ಮೇಲೆ ನಿಖರವಾಗಿ ಎಲ್ಲಿದೆ ಎಂಬ ಪ್ರಶ್ನೆಗೆ ಭಾರತದಲ್ಲಿ ಮೊದಲ ಬಾರಿಗೆ ನಂಬಲರ್ಹ ಉತ್ತರ ಕೊಡಲು ಹೊರಟವನು ಆತ.

ಹಳೆಯ ನಕ್ಷೆಗಳ ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಇಂದಿನ ಅಕ್ಷಾಂಶ, ರೇಖಾಂಶಗಳಿಗೆ ಹೊಂದಿಸುವುದು ನನ್ನ ಹವ್ಯಾಸ. ಆ ಕೆಲಸವೇ ನನ್ನನ್ನು ಲ್ಯಾಂಬ್ಟನ್‌ನ ಬದುಕಿನತ್ತ ಒಯ್ದಿತು. ಸ್ಕ್ಯಾನ್ ಮಾಡಿದ ನಕ್ಷೆ ಕಂಪ್ಯೂಟರಿನ ಪಾಲಿಗೆ ಬಣ್ಣದ ಚುಕ್ಕೆಗಳ ಒಂದು ಚೌಕಟ್ಟು ಮಾತ್ರ. ಪ್ರತಿ ಚುಕ್ಕೆಗೂ, ಅಂದರೆ ಪಿಕ್ಸೆಲ್‌ಗೂ, ಒಂದು ಕಂಬಸಾಲಿನ ಸಂಖ್ಯೆ, ಒಂದು ಅಡ್ಡಸಾಲಿನ ಸಂಖ್ಯೆ ಇರುತ್ತವೆ. ಎಣಿಕೆ ಮೇಲಿನ ಎಡಮೂಲೆಯಿಂದ ಆರಂಭವಾಗುತ್ತದೆ. ಕೆಳಗಿಳಿದಂತೆ ಅಡ್ಡಸಾಲಿನ ಸಂಖ್ಯೆ ಹೆಚ್ಚುತ್ತದೆ, ಅಕ್ಷಾಂಶ ಕಡಿಮೆಯಾಗುತ್ತದೆ. ಗಂಜಾಂನ ಗುಂಬಜ್ ಚಿತ್ರದ ಯಾವುದೋ ಒಂದು ಪಿಕ್ಸೆಲ್‌ನಲ್ಲಿದೆ; ಭೂಮಿಯ ಮೇಲೆ ಅದು ಸುಮಾರು 12.41 ಡಿಗ್ರಿ ಉತ್ತರ ಅಕ್ಷಾಂಶ, 76.71 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿಯನ್ನು ಲೆಕ್ಕದಿಂದ ಕಂಡುಹಿಡಿಯಬೇಕು.

ಪೈಥಾನ್ ಭಾಷೆಯಲ್ಲಿ ಇದು ಹತ್ತಿಪ್ಪತ್ತು ಸಾಲುಗಳ ಕೆಲಸ. ರೇಖಾಂಶಕ್ಕೊಂದು, ಅಕ್ಷಾಂಶಕ್ಕೊಂದು ಸಮೀಕರಣ. ಎರಡರಲ್ಲೂ ಮೂರು ಮೂರು ಅಜ್ಞಾತಗಳು. ನಕ್ಷೆಯಲ್ಲೂ ನೆಲದ ಮೇಲೂ ಗುರುತಿಸಬಲ್ಲ ಮೂರು ಸ್ಥಳಗಳು ಸಿಕ್ಕರೆ ಆರೂ ಅಜ್ಞಾತಗಳು ಬಿಡಿಸಿಕೊಳ್ಳುತ್ತವೆ. ಹೆಚ್ಚು ಸ್ಥಳಗಳಿದ್ದರೆ ಕನಿಷ್ಠ ವರ್ಗ ವಿಧಾನದಿಂದ ಎಲ್ಲಕ್ಕೂ ಅತಿ ಕಡಿಮೆ ದೋಷ ಹಂಚಿಕೆಯಾಗುವ ಉತ್ತರವನ್ನು ನಂಪೈ ಎಂಬ ಗಣಿತ ಕೋಶ ಕ್ಷಣದಲ್ಲಿ ಕೊಡುತ್ತದೆ. ಫ್ರಾನ್ಸಿನ ಲೆಜಾಂಡ್ರ್ ಆ ವಿಧಾನವನ್ನು ಪ್ರಕಟಿಸಿದ್ದು 1805ರಲ್ಲಿ. ಆ ಹೊತ್ತಿಗೆ ಲ್ಯಾಂಬ್ಟನ್ ಮೈಸೂರು ಸೀಮೆಯ ಬೆಟ್ಟಗಳ ಮೇಲೆ ತ್ರಿಕೋನಗಳನ್ನು ಹೆಣೆಯುತ್ತಿದ್ದ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಆತ ಸೈನ್ಯದ 33ನೆಯ ರೆಜಿಮೆಂಟ್ ಸೇರಿ ಅಮೆರಿಕದ ಯುದ್ಧದಲ್ಲಿ ಸೆರೆಯಾದ. ಬಿಡುಗಡೆಯ ನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೈನಿಕ ವಸತಿಗಳ ಮೇಲ್ವಿಚಾರಕನಾಗಿ ವರ್ಷಗಟ್ಟಲೆ ಕಳೆದ. ಆ ಏಕಾಂತದಲ್ಲಿ ಗಣಿತ ಮತ್ತು ಭೂಮಾಪನ ಶಾಸ್ತ್ರಗಳನ್ನು ತಾನೇ ಓದಿಕೊಂಡ. ಮದ್ರಾಸಿಗೆ ಬಂದಾಗ ನಡುವಯಸ್ಸು ಮೀರಿತ್ತು. ಹೇಳಿಕೊಳ್ಳುವಂಥ ಸಾಧನೆ ಏನೂ ಇರಲಿಲ್ಲ.

1799ರ ಏಪ್ರಿಲ್‌ನಲ್ಲಿ ಸೈನ್ಯ ಶ್ರೀರಂಗಪಟ್ಟಣವನ್ನು ಸುತ್ತುವರಿದಿದ್ದಾಗ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ತೋಪೊಂದನ್ನು ಶೋಧಿಸಿ ಶಿಬಿರಕ್ಕೆ ಮರಳುತ್ತಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರಗಳನ್ನು ನೋಡಿ, ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ, ಟಿಪ್ಪುವಿನ ಸೈನ್ಯದತ್ತಲೇ ನಡೆಯುತ್ತಿದ್ದೇವೆಂದು ಎಚ್ಚರಿಸಿದ. ದಾರಿ ತಿಳಿಯಲು ನಕ್ಷತ್ರಗಳ ಹಂಗು ತನಗಿಲ್ಲವೆಂದು ಬೇರ್ಡ್ ಗದರಿದ. ಸ್ವಲ್ಪದರಲ್ಲೇ ಶತ್ರುವಿನ ಕಾವಲು ಪಡೆ ಎದುರಾಯಿತು. ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಗಿತ್ತು.

ಮೇ 4ರಂದು ಕೋಟೆ ಬಿತ್ತು. ಆರ್ಥರ್ ವೆಲ್ಲೆಸ್ಲಿ ಗಂಜಾಂ ದಾರಿಯ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ. ಟಿಪ್ಪು ಬೆಳೆಸಿದ್ದ ಶಹರ್ ಗಂಜಾಂ ಕ್ರಮೇಣ ಕಳೆಗುಂದಿತು. ಅದೇ ವರ್ಷದ ಕೊನೆಯಲ್ಲಿ ಲ್ಯಾಂಬ್ಟನ್ ವೆಲ್ಲೆಸ್ಲಿಯ ಮೂಲಕ ಒಂದು ಯೋಜನೆ ಮಂಡಿಸಿದ: ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಪರ್ಯಾಯ ದ್ವೀಪವನ್ನು ತ್ರಿಕೋನಗಳ ಸರಣಿಯಿಂದ ಅಳೆಯುವುದು. 1800ರಲ್ಲಿ ಒಪ್ಪಿಗೆ ಸಿಕ್ಕಿತು. ಕಾಲಿನ್ ಮೆಕೆಂಜಿ ಮೈಸೂರಿನ ಊರು, ಕೆರೆ, ಕಾಡುಗಳನ್ನು ನಕ್ಷೆಗಿಳಿಸಲು ಹೊರಟದ್ದೂ ಇದೇ ಕಾಲದಲ್ಲಿ. ಮೆಕೆಂಜಿಯದು ನಾಡಿನ ಮುಖಚಿತ್ರವಾದರೆ ಲ್ಯಾಂಬ್ಟನ್‌ನದು ಅದರ ಎಲುಬಿನ ಹಂದರ.

ಎಲ್ಲರೂ ಮೆಚ್ಚಲಿಲ್ಲ. ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬ, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್‌ನ ನಕ್ಷೆಯಿಲ್ಲದೆಯೂ ಅವನು ತಲುಪಿಸುತ್ತಾನೆಂದು ಗೇಲಿ ಮಾಡಿದನಂತೆ. ಮಾತೇನೋ ಸುಳ್ಳಲ್ಲ. ದಾರಿ ಗೊತ್ತಿರುವುದು ಬೇರೆ, ಊರು ಎಲ್ಲಿದೆಯೆಂದು ಗೊತ್ತಿರುವುದು ಬೇರೆ.

ನೂರು ಅಡಿಯ ಉಕ್ಕಿನ ಸರಪಳಿಯಿಂದ ಆತ 1800ರಲ್ಲಿ ಬೆಂಗಳೂರಿನ ಬಳಿ ಪ್ರಾಯೋಗಿಕವಾಗಿ ಒಂದು ಆಧಾರರೇಖೆ ಅಳೆದ. ಅರ್ಧ ಟನ್ ತೂಕದ ಥಿಯೋಡೊಲೈಟ್ ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ಸುತ್ತಿ, ಅವರ ಔದಾರ್ಯದಿಂದ ಮದ್ರಾಸು ಸೇರಿತು. 1802ರಲ್ಲಿ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ರೇಖೆಯನ್ನು 57 ದಿನಗಳ ಕಾಲ, ಸರಪಳಿಯನ್ನು 400 ಬಾರಿ ಹಾಸಿ ಅಳೆದ. ಬಿಸಿಲಿಗೆ ಉಕ್ಕು ಹಿಗ್ಗುವ ಲೆಕ್ಕವನ್ನೂ ಬಿಡಲಿಲ್ಲ. ಅಲ್ಲಿಂದ ಮುಂದೆ ಕೋನಗಳನ್ನಷ್ಟೇ ಅಳೆಯುತ್ತ, ಉಳಿದ ಬಾಹುಗಳನ್ನು ಗಣಿತದಿಂದ ಪಡೆಯುತ್ತ ಪಶ್ಚಿಮಕ್ಕೆ ನಡೆದ.

ಆತನ ಶ್ರೇಷ್ಠ ಪಾಠ ಬಂದದ್ದು 1804ರಲ್ಲಿ. ತ್ರಿಕೋನಗಳ ಸರಣಿ ಬೆಂಗಳೂರು ಮುಟ್ಟಿದಾಗ, ಅಲ್ಲಿನ ಹೊಸ ಆಧಾರರೇಖೆಯ ಉದ್ದ ಇಷ್ಟಿರಬೇಕೆಂದು ಮದ್ರಾಸಿನ ಅಳತೆಯಿಂದ ಲೆಕ್ಕ ಸಿಕ್ಕಿತು. ಆತ ಅದನ್ನು ನಂಬಿ ಕೂರಲಿಲ್ಲ. ಸರಪಳಿ ಹಾಸಿ ಅಳೆಸಿದ. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಮಂಗಳೂರಿನ ಕಡಲು ತಲುಪುವ ವೇಳೆಗೆ, 400 ಮೈಲಿ ಅಗಲವೆಂದು ಹಳೆಯ ನಕ್ಷೆಗಳು ತೋರಿಸುತ್ತಿದ್ದ ಪರ್ಯಾಯ ದ್ವೀಪ ವಾಸ್ತವದಲ್ಲಿ 360 ಮೈಲಿಯಷ್ಟೇ ಇದೆಯೆಂದು ಸಿದ್ಧವಾಯಿತು. ನಕ್ಷೆಯಲ್ಲಿದ್ದ ನಲವತ್ತು ಮೈಲಿ ನೆಲ ನೆಲದ ಮೇಲೆ ಇರಲೇ ಇಲ್ಲ.

ಇಂದು ಕಂಪ್ಯೂಟರಿನ ಮುಂದೆ ಕುಳಿತವರು ಮರೆಯುವುದು ಈ ಪಾಠವನ್ನೇ. ಮೂರೇ ಸ್ಥಳ ಕೊಟ್ಟರೆ ಪ್ರೋಗ್ರಾಂ ದೋಷ ಸೊನ್ನೆ ಎನ್ನುತ್ತದೆ. ಅದು ನಿಖರತೆಯಲ್ಲ, ಆರು ಅಜ್ಞಾತಗಳಿಗೆ ಆರೇ ಸಂಖ್ಯೆಗಳಿದ್ದಾಗ ತಪ್ಪು ಕಾಣಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಬೇರೆ ಸ್ಥಳಗಳನ್ನು ಎತ್ತಿಟ್ಟು, ಉತ್ತರ ಅಲ್ಲಿಗೂ ಹೊಂದುತ್ತದೆಯೇ ಎಂದು ನೋಡಬೇಕು. ಬೆಂಗಳೂರಿನ ಎರಡನೆಯ ರೇಖೆ ಲ್ಯಾಂಬ್ಟನ್‌ಗೆ ಅಂಥ ಪರೀಕ್ಷೆಯಾಗಿತ್ತು.

ತ್ರಿಕೋನ ತೀರಾ ಚಪ್ಪಟೆಯಾಗಿರಬಾರದು ಎಂಬುದು ಇನ್ನೊಂದು ಪಾಠ. ಶ್ರೀರಂಗಪಟ್ಟಣದ ಹಳೆಯ ನಕ್ಷೆಗೆ ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ದರಿಯಾ ದೌಲತ್, ಗುಂಬಜ್‌ಗಳನ್ನು ಆಧಾರಸ್ಥಳಗಳಾಗಿ ಆರಿಸುವುದು ಸಹಜ. ಎಲ್ಲವೂ ಎರಡು ಶತಮಾನಗಳಿಂದ ಇದ್ದಲ್ಲೇ ಇವೆ. ಆದರೆ ಈ ನಾಲ್ಕೂ ದ್ವೀಪದ ಉದ್ದಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಆ ಗೆರೆಯಗುಂಟ ಲೆಕ್ಕ ಸರಿಯಿದ್ದರೂ ನದಿ ದಾಟಿದೊಡನೆ ನಕ್ಷೆ ಅಡ್ಡಕ್ಕೆ ಜಾರುತ್ತದೆ. ಹೊಳೆಯಾಚೆಯ ಕರಿಘಟ್ಟವನ್ನೂ ದಕ್ಷಿಣ ದಡದ ಒಂದು ಗುರುತನ್ನೂ ಸೇರಿಸಿದಾಗಲೇ ನನ್ನ ನಕ್ಷೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಅಚ್ಚಾದ ರೇಖಾಂಶವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಮದ್ರಾಸ್ ವೀಕ್ಷಣಾಲಯದ ರೇಖಾಂಶದ ಹಳೆಯ ಬೆಲೆಯಲ್ಲಿ ದೋಷವಿದ್ದುದರಿಂದ ಅನೇಕ ಹಳೆಯ ಸರ್ವೆ ಹಾಳೆಗಳಲ್ಲಿ ಸುಮಾರು 2 ನಿಮಿಷ 27 ಸೆಕೆಂಡ್ ಕಳೆಯಬೇಕು. ನಮ್ಮ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ಗುಂಬಜ್ ದ್ವೀಪವನ್ನೇ ಬಿಟ್ಟು ಪೂರ್ವಕ್ಕೆ ಹೋಗಿ ಕೂರಲು ಅಷ್ಟು ಸಾಕು.

ಲ್ಯಾಂಬ್ಟನ್ ನಂತರ ಉತ್ತರ–ದಕ್ಷಿಣದ ಮಹಾಚಾಪದ ಬೆನ್ನು ಹತ್ತಿದ. 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಏರಿಸುವಾಗ ಹಗ್ಗ ಹರಿದು ಥಿಯೋಡೊಲೈಟ್ ಗೋಡೆಗೆ ಅಪ್ಪಳಿಸಿತು. ಬೇರೊಬ್ಬನಾಗಿದ್ದರೆ ಕೆಲಸ ಕೈಬಿಡುತ್ತಿದ್ದ. ಆತ ಡೇರೆಯೊಳಗೆ ಕುಳಿತು ಆರು ವಾರಗಳಲ್ಲಿ ಸೊಟ್ಟಗಾದ ವೃತ್ತವನ್ನು ಎಳೆದೆಳೆದು ಸರಿಪಡಿಸಿದ. 1818ರಲ್ಲಿ ಆ ಕಾರ್ಯಕ್ಕೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂಬ ಹೆಸರು ಬಂತು, ಜಾರ್ಜ್ ಎವರೆಸ್ಟ್ ಸಹಾಯಕನಾಗಿ ಬಂದ. 1823ರ ಜನವರಿ 20ರಂದು, ನಾಗಪುರದ ದಾರಿಯಲ್ಲಿ, ಹಿಂಗಣಘಾಟ್‌ನಲ್ಲಿ ಲ್ಯಾಂಬ್ಟನ್ ತೀರಿಕೊಂಡ. ಆಗಲೂ ಆತ ಕೆಲಸದ ಮೇಲೆಯೇ ಇದ್ದ. ಸಹಾಯಕನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಏರಿತು. ಗುರುವಿನದು ಒಂದು ಸಮಾಧಿಯ ಮೇಲೆ ಉಳಿಯಿತು.

ಆತನ ಅಳತೆ ನಿಷ್ಪಾಪವಾದುದಲ್ಲ. ಸಾಮ್ರಾಜ್ಯಕ್ಕೆ ಕಂದಾಯ ಬೇಕಿತ್ತು, ಸೈನ್ಯಕ್ಕೆ ದಾರಿ ಬೇಕಿತ್ತು; ಖರ್ಚು ಕೊಟ್ಟದ್ದು ಅದಕ್ಕಾಗಿಯೇ. ತೂಕದ ಯಂತ್ರಗಳನ್ನು ಬೆಟ್ಟ ಹತ್ತಿಸಿದವರು, ಗುರುತಿನ ಬಾವುಟ ಹಿಡಿದು ಕಾಡಿನಲ್ಲಿ ಜ್ವರದಿಂದ ಸತ್ತವರು ನಮ್ಮವರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಕಡತದಲ್ಲೂ ಇಲ್ಲ. ಆದರೂ ಲೆಕ್ಕವನ್ನು ನೆಲದ ಮೇಲೆ ಪರೀಕ್ಷಿಸದೆ ಮುಂದೆ ಹೆಜ್ಜೆಯಿಡದ ಪ್ರಾಮಾಣಿಕತೆ ಆತನದೇ.

ಆ ಪ್ರಾಮಾಣಿಕತೆ ಇಂದು ನಮಗೆ ತುರ್ತಾಗಿ ಬೇಕಾಗಿದೆ. ಹಳೆಯ ಗ್ರಾಮನಕ್ಷೆಗಳು ಸ್ಕ್ಯಾನ್ ಆಗಿ ಮೊಬೈಲಿಗೆ ಬಂದಿವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಸರಪಳಿಯಿಂದ ಊರೂರಿಗೆ ಪ್ರತ್ಯೇಕವಾಗಿ ಅಳೆದ ಆ ನಕ್ಷೆಗಳನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಕೆಲವು ಮೀಟರ್ ಜಾರಿದರೂ ಒಬ್ಬನ ತೋಟ ಕೆರೆಯಂಗಳವಾಗಬಹುದು, ಕೆರೆಯಂಗಳ ಒಬ್ಬನ ನಿವೇಶನವಾಗಬಹುದು. ಪರದೆಯ ಮೇಲಿನ ಗೆರೆ ತೆಳ್ಳಗಿದೆಯೆಂದ ಮಾತ್ರಕ್ಕೆ ಅದು ನಿಖರವಲ್ಲ. ಯಾವ ಸ್ಥಳಗಳ ಆಧಾರದ ಮೇಲೆ ಹೊಂದಿಸಲಾಯಿತು, ಪರೀಕ್ಷಾ ಸ್ಥಳಗಳಲ್ಲಿ ಎಷ್ಟು ಮೀಟರ್ ವ್ಯತ್ಯಾಸ ಬಂತು ಎಂಬ ಎರಡು ಮಾಹಿತಿಗಳು ಪ್ರತಿ ನಕ್ಷೆಯ ಜೊತೆಗೂ ಜನರಿಗೆ ಸಿಗಬೇಕು. ಇನ್ನೂರು ವರ್ಷಗಳ ಹಿಂದೆ, ಪರಕೀಯ ಸರ್ಕಾರದ ಕೆಲಸದಲ್ಲಿದ್ದವನೊಬ್ಬ ತನ್ನ ವ್ಯತ್ಯಾಸವನ್ನು ಅಂಗುಲಗಳಲ್ಲಿ ಬರೆದಿಟ್ಟು ಹೋದ. ನಮ್ಮದೇ ಸರ್ಕಾರದಿಂದ ಅದನ್ನು ಮೀಟರುಗಳಲ್ಲಾದರೂ ಕೇಳುವುದು ಅತಿಯಾಸೆಯಲ್ಲ.