ಹಡಗು ಕಟ್ಟಿದ ಜಮ್ಸೆಟ್‌ಜಿ ವಾಡಿಯಾ

ಬಬಲೇಶ್ವರದಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಿತ್ತು. 9ನೇ ತರಗತಿಗೆ ತೇಲುವಿಕೆಯ ಪಾಠ ಮಾಡುತ್ತ ಟ್ರಿಂಕೋಮಲಿ ಎಂಬ ಹಳೆಯ ಹಾಯಿ ಯುದ್ಧನೌಕೆಯ ಚಿತ್ರ ತೋರಿಸಿದೆ. ಇದನ್ನು ಕಟ್ಟಿದವರು ಯಾರೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಬ್ರಿಟಿಷರು ಎಂದುಬಿಟ್ಟೆ. ಮನೆಗೆ ಬಂದು ಓದಿದಾಗ ತಪ್ಪು ತಿಳಿಯಿತು. ಮರುದಿನ ತಿದ್ದಿ ಹೇಳಿದ್ದು ಇದು.

ಕಟ್ಟಿದವರು ಮುಂಬಯಿಯ ಪಾರ್ಸಿ ಮನೆತನದ ಜಮ್ಸೆಟ್‌ಜಿ ಬೊಮನ್‌ಜಿ ವಾಡಿಯಾ. ಅಜ್ಜ ಲವ್‌ಜಿ ಸೂರತ್ತಿನಿಂದ ಮುಂಬಯಿಗೆ ಬಂದು ಹಡಗು ಕಟ್ಟಿದವರು. 1792ರಲ್ಲಿ ಜಮ್ಸೆಟ್‌ಜಿ ತಮ್ಮ ದಾಯಾದಿ ಫ್ರಾಮ್‌ಜಿಯವರ ಜೊತೆ ಹಡಗುಕಟ್ಟೆಯ ಮುಖ್ಯ ಕುಶಲಕರ್ಮಿಯಾದರು. ಬ್ರಿಟನ್ನಿನಲ್ಲಿ ಓಕ್ ಮರ ಸಾಲದಾದಾಗ ಅಲ್ಲಿನ ನೌಕಾಪಡೆ ನಮ್ಮ ತೇಗದ ಕಡೆ ತಿರುಗಿತು. ಅವರ ಕೈಯಿಂದ 1805ರಲ್ಲಿ ಸಾಲ್ಸೆಟ್ ಫ್ರಿಗೇಟ್, 1810ರಲ್ಲಿ 74 ತೋಪುಗಳ ಮಿಂಡೆನ್ ನೀರಿಗಿಳಿದವು.

ಟ್ರಿಂಕೋಮಲಿ ಲೀಡಾ ವರ್ಗದ ಫ್ರಿಗೇಟ್. ಈ ವರ್ಗದ ಹಡಗುಗಳಿಗೆಲ್ಲ ಮೂಲ ಮಾದರಿ ಒಂದೇ. ಇದರ ನಕ್ಷೆ ತರುತ್ತಿದ್ದ ಜಾವಾ ಹಡಗು 1812ರಲ್ಲಿ ಅಮೆರಿಕದ ಹಡಗಿಗೆ ಸೋತು ಸುಟ್ಟುಹೋಯಿತು. ಮತ್ತೊಂದು ನಕ್ಷೆ ಬರುವವರೆಗೆ ಕೆಲಸ ಕಾಯಬೇಕಾಯಿತು. ಮಲಬಾರಿನ ತೇಗದಲ್ಲಿ ಕಟ್ಟಿದ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಜಮ್ಸೆಟ್‌ಜಿ 1821ರಲ್ಲಿ ತೀರಿಕೊಂಡರು. ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ತಿಕೋಟಾದ ಮುಂದಿನ ಪಾಠಯೋಜನೆಯಲ್ಲಿ ಹಡಗಿನ ಚಿತ್ರದ ಕೆಳಗೆ ಕಟ್ಟಿದವರ ಹೆಸರನ್ನು ಮೊದಲೇ ಬರೆದುಕೊಂಡೆ.