ಲ್ಯಾಂಬ್ಟನ್ ಮತ್ತು ನಮ್ಮ ನೀಲಿ ಚುಕ್ಕೆ

ದುಮ್ಮವಾಡದ ನೀರಸಾಗರ ಕೆರೆ ದಂಡೆ ಮೇಲೆ ನಿಂತಾಗ ಫೋನಿನ ನೀಲಿ ಚುಕ್ಕೆ ನಮ್ಮನ್ನ ನೀರೊಳಗೆ ತೋರಿಸಿತು. ನಾವು ನಕ್ಕು ಸುಮ್ಮನಾದ್ವಿ. ಸಮುದ್ರದಲ್ಲಿ ದೋಣಿ ನಡೆಸೋರಿಗೆ ಇದು ನಗೋ ವಿಷಯ ಅಲ್ಲ. ಆಗ ನೆನಪಾದವರು ವಿಲಿಯಂ ಲ್ಯಾಂಬ್ಟನ್.

1799ರಲ್ಲಿ ಟಿಪ್ಪು ವಿರುದ್ಧದ ಯುದ್ಧಕ್ಕೆ ಅವರು ಬ್ರಿಟಿಷ್ ಸೇನೆ ಜೊತೆ ಶ್ರೀರಂಗಪಟ್ಟಣಕ್ಕೆ ಬಂದರು. ಒಂದು ರಾತ್ರಿ ಪಡೆ ಉತ್ತರಕ್ಕೆ ಹೋಗಬೇಕಿತ್ತು. ನಕ್ಷತ್ರ ನೋಡಿದ ಲ್ಯಾಂಬ್ಟನ್, ದಕ್ಷಿಣಕ್ಕೆ, ಟಿಪ್ಪು ಪಾಳೆಯದ ಕಡೆಗೇ ಹೊರಟಿದ್ದೇವೆ ಅಂತ ಎಚ್ಚರಿಸಿದರು. ದಿಕ್ಸೂಚಿ ನೋಡಿದರೆ ಅವರು ಹೇಳಿದ್ದೇ ಸರಿ.

1802ರಲ್ಲಿ ಮದ್ರಾಸಿನಲ್ಲಿ ನೂರಡಿ ಉಕ್ಕಿನ ಸರಪಳಿಯಿಂದ ಆಧಾರರೇಖೆ ಅಳೆದು, ತ್ರಿಕೋನ ಜೋಡಿಸುತ್ತಾ ಬೆಂಗಳೂರಿಗೆ ಬಂದರು. ಲೆಕ್ಕದಿಂದಲೇ ಉತ್ತರ ಸಿಗುತ್ತಿತ್ತು. ಆದರೂ 1804ರಲ್ಲಿ ಬೆಂಗಳೂರಲ್ಲಿ ಇನ್ನೊಂದು ರೇಖೆಯನ್ನ ನೆಲದ ಮೇಲೇ ಅಳೆಸಿದರು. ಸುಮಾರು 7 ಮೈಲಿಗೆ ವ್ಯತ್ಯಾಸ 4 ಇಂಚಿಗಿಂತ ಕಡಿಮೆ! ಮುಂದೆ ಮಂಗಳೂರು ಮುಟ್ಟಿದಾಗ, ಹಳೇ ನಕ್ಷೆಗಳ 400 ಮೈಲಿ ಅಗಲ ನಿಜಕ್ಕೂ ಸುಮಾರು 360 ಅಂತ ಗೊತ್ತಾಯ್ತು. 1823ರಲ್ಲಿ ಹಿಂಗಣಘಾಟ್‌ನಲ್ಲಿ, ಸರ್ವೆ ಕೆಲಸದ ನಡುವೆಯೇ ತೀರಿಕೊಂಡರು.

ಈಗಿನ ಜಿಪಿಎಸ್ ಡಬ್ಲ್ಯೂಜಿಎಸ್ 84 ಲೆಕ್ಕದಲ್ಲಿ ಜಾಗ ಹೇಳ್ತದೆ. ನಮ್ಮ ಹಳೇ ಸರ್ವೆ ನಕ್ಷೆಗಳದ್ದು ಎವರೆಸ್ಟ್ ಲೆಕ್ಕ. ಎರಡನ್ನೂ ಹಾಗೇ ಬೆರೆಸಿದರೆ ಜಾಗ ಸರಿಯುತ್ತದೆ. ಚುಕ್ಕೆ ಸರಿ ಇದ್ದರೂ ಚಾರ್ಟಿನ ಬಂಡೆ ತಪ್ಪಿದ್ದೀತು. ಅದಕ್ಕೇ ದೋಣಿಯವರು ಕಾಪು ದೀಪಸ್ತಂಭದಂಥ ಗುರುತನ್ನ ಕಣ್ಣಾರೆ ನೋಡಿ, ದಿಕ್ಸೂಚಿ ಹಿಡಿದು ತಾಳೆ ಹಾಕಬೇಕು.

ಲ್ಯಾಬಲ್ಲಿ ಒಂದೇ ರೀಡಿಂಗ್ ತಗೊಂಡು ಉಳಿದದ್ದನ್ನ ಹೊಂದಿಸಿ ಬರೆಯೋರು ನಾವು. ಬೆಂಗಳೂರಿನ ಆ ಎರಡನೇ ಅಳತೆ ನಮಗೂ ನೆನಪಿರಲಿ.